ನಾಶಿಕದ ಮಳೆ, ವಾಳೂಜಿನ ನಲ್ಲಿ

1995ರ ಜೂನ್‌ನಲ್ಲಿ ಐಟಿಐ ಸರ್ಟಿಫಿಕೇಟ್ ಹಿಡಿದುಕೊಂಡು ಭಾಲ್ಕಿ ಕಡೆಯಿಂದ ವಾಳೂಜಿಗೆ ಬಂದಾಗ ನನಗೆ ಅರ್ಥವಾಗದ ಸಂಗತಿಯೊಂದಿತ್ತು. ಮಳೆಗಾಲ ಶುರುವಾದರೂ ಇಲ್ಲಿಯ ಜನ ಆಕಾಶ ನೋಡುತ್ತಿರಲಿಲ್ಲ. ಬೆಳಿಗ್ಗೆ ಚಹಾದ ಟಪರಿಯಲ್ಲಿ ಮರಾಠಿ ಪೇಪರ್ ಬಿಡಿಸಿ ನಾಶಿಕದಲ್ಲಿ ಎಷ್ಟು ಮಳೆಯಾಯಿತು, ಜಾಯಕವಾಡಿ ಎಷ್ಟು ಟಕ್ಕೆ ತುಂಬಿತು ಎಂದು ನೋಡುತ್ತಿದ್ದರು. ಟಕ್ಕೆ ಎಂದರೆ ಶೇಕಡಾ. ಹೊರಗೆ ಜೋರಾಗಿ ಮಳೆ ಹೊಯ್ಯುತ್ತಿದ್ದರೂ "ಇದರಿಂದ ಏನಾಗುತ್ತೆ, ನಾಶಿಕದಲ್ಲಿ ಬೀಳಬೇಕು" ಅನ್ನುವವರು. ಇನ್ನೂರು ಕಿಲೋಮೀಟರ್ ಆಚೆಯ ಊರಿನ ಮಳೆಗೆ ಇವರೇಕೆ ಕಾಯುತ್ತಾರೆ ಎಂದು ತಿಳಿಯಲು ನನಗೆ ಒಂದು ಬೇಸಿಗೆ ಬೇಕಾಯಿತು.

ಬೆಂಗಳೂರು, ಪುಣೆ, ಮುಂಬೈಗಳಲ್ಲಿರುವ ಓದುಗರಿಗೆ ವಾಳೂಜ್ ಎಂದರೆ ಬಹುಶಃ ಬಜಾಜ್ ಕಾರ್ಖಾನೆಯ ಹೆಸರಿನ ಜೊತೆ ಕೇಳಿದ ಊರು. ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿರುವ ಔರಂಗಾಬಾದಿನಿಂದ ಅಹಮದನಗರದ ಕಡೆ ಹೋಗುವ ರಸ್ತೆಯಲ್ಲಿದೆ. 1985ರಲ್ಲಿ ಬಜಾಜ್ ಇಲ್ಲಿ ಗಾಡಿ ಮಾಡಲು ಶುರುಮಾಡಿತು. ಅದರ ಹಿಂದೆ ಬಿಡಿಭಾಗ ಮಾಡುವವರು, ಅವರ ಹಿಂದೆ ನಮ್ಮಂಥವರು ಬಂದೆವು. ಬಜಾಜ್ ನಗರ, ರಾಂಜಣಗಾಂವ್, ಜೋಗೇಶ್ವರಿ, ವಡಗಾಂವ್ ಹೀಗೆ ಸುತ್ತಲಿನ ಹಳ್ಳಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಜೋಳದ ಹೊಲಗಳಿದ್ದಲ್ಲಿ ಶೆಡ್ಡುಗಳು, ಶೆಡ್ಡುಗಳ ಹಿಂದೆ ಬಾಡಿಗೆ ಖೋಲಿಗಳು. ಬೀದರ್, ಕಲಬುರಗಿ ಕಡೆಯವರಿಗೆ ಇದು ತೀರಾ ಪರದೇಶವೂ ಅಲ್ಲ. 1956ರವರೆಗೆ ನಾವೆಲ್ಲ ಒಂದೇ ಹೈದರಾಬಾದ್ ರಾಜ್ಯದವರು. ಸೆಪ್ಟೆಂಬರ್ 17ಕ್ಕೆ ಅಲ್ಲೂ ಧ್ವಜ ಹಾರುತ್ತದೆ, ಇಲ್ಲೂ ಹಾರುತ್ತದೆ.

ಆದರೆ ಇಂಥ ಊರಿಗೆ ಒಂದು ಕೊರತೆ ಇರುತ್ತದೆ. ಇಲ್ಲಿ ಅಜ್ಜ-ಅಜ್ಜಿಯರು ಕಡಿಮೆ. ಎಲ್ಲರೂ ಮೂವತ್ತು ನಲವತ್ತು ವರ್ಷಗಳಲ್ಲಿ ಬಂದವರು. ಯಾವ ಹಳ್ಳ ಯಾವಾಗ ಉಕ್ಕಿತ್ತು, ಯಾವ ಬಾವಿ ಯಾವ ವರ್ಷ ಬತ್ತಿತ್ತು ಎಂದು ಹೇಳುವವರು ನೂರಕ್ಕೆ ಐದು ಮಂದಿ ಸಿಕ್ಕರೆ ಹೆಚ್ಚು. 2025ರ ಮೇ ತಿಂಗಳಲ್ಲಿ ನನ್ನ ಮಗ ಒಂದು ಪ್ಲಾಟ್ ನೋಡಿ ಬಂದು "ಅಪ್ಪಾ, ಇದನ್ನು ಬಿಡಬಾರದು" ಅಂದಾಗ ಈ ಕೊರತೆ ನನಗೆ ಮೊದಲ ಸಲ ಚುಚ್ಚಿತು. ಮೂರು ದಶಕ ಇಲ್ಲಿದ್ದರೂ ಆ ಜಾಗದ ಬಗ್ಗೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಈ ಊರಿನ ಹಳೆಯ ಕಷ್ಟಗಳನ್ನು ನಾನು ಕೆದಕತೊಡಗಿದ್ದು ಆಗಲೇ.

ಮೊದಲು ನಾಶಿಕದ ವಿಷಯ ಮುಗಿಸುತ್ತೇನೆ. ಗೋದಾವರಿ ಹುಟ್ಟುವುದು ತ್ರ್ಯಂಬಕೇಶ್ವರದಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ. ಅರಬ್ಬಿ ಸಮುದ್ರದ ಮೋಡ ಅಲ್ಲಿ ಪೂರ್ತಿ ಖಾಲಿಯಾಗಿ, ಉಳಿದ ಚೂರುಪಾರು ನಮ್ಮ ಕಡೆ ಬರುತ್ತದೆ. ನಮ್ಮದು ಮಳೆನೆರಳಿನ ನಾಡು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಬಿದ್ದರೆ ಸರಿಯಾದ ವರ್ಷ. ನಾಶಿಕದ ನೀರು ನಾಂದೂರ್ ಮಧ್ಯಮೇಶ್ವರದ ಒಡ್ಡು ದಾಟಿ ಪೈಠಣದ ಜಾಯಕವಾಡಿ ಅಣೆಕಟ್ಟಿಗೆ ಬರುತ್ತದೆ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿ ಆದ ಜಲಾಶಯ ಅದು. ಒಟ್ಟು 102 ಟಿಎಂಸಿ ಹಿಡಿಯುತ್ತದೆ, ಅದರಲ್ಲಿ ಬಳಸಲು ಬರುವುದು 76 ಚಿಲ್ಲರೆ. ಉಳಿದದ್ದು ತಳದ ನೀರು, ಸರ್ಕಾರಿ ಭಾಷೆಯಲ್ಲಿ ಮೃತ ಸಂಗ್ರಹ. ಜಲಾಶಯ ಅಗಲವಾಗಿದೆ, ಆಳವಿಲ್ಲ. ತುಂಬಿದಾಗ ಸುಮಾರು 350 ಚದರ ಕಿಲೋಮೀಟರ್ ಹರಡಿಕೊಂಡಿರುವುದರಿಂದ ಬೇಸಿಗೆಯ ಬಿಸಿಲು ದೊಡ್ಡ ಪಾಲನ್ನೇ ಕುಡಿಯುತ್ತದೆ. ವಾಳೂಜಿನ ಕಾರ್ಖಾನೆಗಳ ನೀರು, ಸಂಭಾಜಿನಗರದ ಕುಡಿಯುವ ನೀರು ಎರಡೂ ಅಲ್ಲಿಂದಲೇ.

ಒಂದು ತಮಾಷೆ ಹೇಳಬೇಕು. ವಾಳೂಜ್ ಇರುವುದು ಗಂಗಾಪುರ ತಾಲ್ಲೂಕಿನಲ್ಲಿ. ನಾಶಿಕದಲ್ಲಿ ಗೋದಾವರಿಗೆ ಕಟ್ಟಿದ ಅಣೆಕಟ್ಟಿನ ಹೆಸರೂ ಗಂಗಾಪುರ. ನಮ್ಮ ಕಲಬುರಗಿಯಲ್ಲಿ ದತ್ತನ ಗಾಣಗಾಪುರವಿದೆ. "ಗಂಗಾಪುರ ತುಂಬಿತಂತೆ" ಎಂದು ಯಾರೋ ಹೇಳಿದಾಗ ಮೊದಲ ವರ್ಷ ನಾನು ಭೀಮಾ ನದಿಗೆ ಮಹಾಪೂರ ಬಂದಿದೆ ಎಂದುಕೊಂಡು ಊರಿಗೆ ಫೋನ್ ಮಾಡಿದ್ದೆ.

ಹಳೆಯ ಕಾಲದ ದಾಖಲೆ ನೋಡಿದರೆ ಈ ಭಾಗದ ವಿಪತ್ತು ಎಂದರೆ ಮುಕ್ಕಾಲು ಪಾಲು ಬರ. 1396ರಿಂದ ಹನ್ನೆರಡು ವರ್ಷ ಹಿಡಿಯಿತು ಎಂದು ಜನ ಹೇಳುತ್ತಾ ಬಂದ ದುರ್ಗಾದೇವಿ ಬರ, 1630ರ ಸುಮಾರಿಗೆ ಷಹಜಹಾನನ ದಂಡು ದಖ್ಖನ್‌ನಲ್ಲಿದ್ದಾಗಲೇ ಬಿದ್ದ ಘೋರ ಬರ, 1790ರ ದಶಕದ ಆರಂಭದ ಡೋಗಿ ಬರ, 1876-78ರದು, ಮತ್ತೆ 1899-1900ರದು. ಡೋಗಿ ಬರದ ಹೆಸರು ಉತ್ತರ ಕರ್ನಾಟಕದವರಿಗೆ ಗೊತ್ತು. ಹೂಳುವವರಿಲ್ಲದೆ ತಲೆಬುರುಡೆಗಳು ಹೊಲದಲ್ಲಿ ಬಿದ್ದಿದ್ದವು ಎಂಬುದರಿಂದ ಬಂದ ಹೆಸರು. ಮಲಿಕ್ ಅಂಬರ್ 1610ರಲ್ಲಿ ಖಡ್ಕಿ ಎಂಬಲ್ಲಿ ರಾಜಧಾನಿ ಕಟ್ಟಿದಾಗ, ಅದೇ ಮುಂದೆ ಔರಂಗಾಬಾದ್ ಆಯಿತು, ಮೊದಲು ಯೋಚಿಸಬೇಕಾಗಿ ಬಂದದ್ದು ನೀರಿನ ಬಗ್ಗೆ. ಬೆಟ್ಟದ ತಪ್ಪಲಿನ ನೀರನ್ನು ನೆಲದಡಿಯ ಕಾಲುವೆಯಲ್ಲಿ, ಬರೀ ಇಳಿಜಾರಿನ ಬಲದಿಂದ ಊರಿಗೆ ತಂದ. ಆ ನಹರ್-ಎ-ಅಂಬರಿಯ ತುಣುಕುಗಳು ಈಗಲೂ ಇವೆ. ಪನ್‌ಚಕ್ಕಿ ನೋಡಲು ಹೋದವರು ಅಂಥದೇ ಇನ್ನೊಂದು ನಹರಿನ ನೀರು ಬೀಳುವುದನ್ನು ನೋಡಿರುತ್ತಾರೆ. ಪಕ್ಕದಲ್ಲೇ ಹರಿಯುವ ಖಾಮ್ ನದಿ ನಗರದ ಕೊಳೆಯನ್ನೆಲ್ಲ ಹೊತ್ತುಕೊಂಡು ನಮ್ಮ ವಾಳೂಜಿನ ಕಡೆಗೇ ಬಂದು ಮುಂದೆ ಗೋದಾವರಿ ಸೇರುತ್ತದೆ.

ಬರದ ಮಾತು ಬಂದಾಗ ನನಗೆ ದಾಮಾಜಿ ಪಂತರ ಕಥೆ ನೆನಪಾಗುತ್ತದೆ. ಹದಿನೈದನೇ ಶತಮಾನದ ಬರದಲ್ಲಿ ಮಂಗಳವೇಢೆಯ ಅಧಿಕಾರಿಯಾಗಿದ್ದ ದಾಮಾಜಿ ಸುಲ್ತಾನನ ಕಣಜವನ್ನು ಹಸಿದವರಿಗೆ ತೆರೆದುಬಿಟ್ಟರು. ಸುಲ್ತಾನ ಇದ್ದದ್ದು ನಮ್ಮ ಬೀದರಿನಲ್ಲಿ. ದಾಮಾಜಿಯನ್ನು ಹಿಡಿದು ತರುವಷ್ಟರಲ್ಲಿ ಪಂಢರಪುರದ ವಿಠ್ಠಲನೇ ವಿಠೂ ಮಹಾರನ ವೇಷದಲ್ಲಿ ಬೀದರಿಗೆ ಹೋಗಿ ಕಾಳಿನ ಬೆಲೆ ಕಟ್ಟಿ ಬಂದ ಎಂದು ಭಕ್ತರು ಹೇಳುತ್ತಾರೆ. ವಾಳೂಜಿಗೆ ಅಂಟಿಕೊಂಡೇ ಒಂದು ಪಂಢರಪುರವಿದೆ, ಜನ ಛೋಟಾ ಪಂಢರಪುರ ಅನ್ನುತ್ತಾರೆ. ಆಷಾಢ ಏಕಾದಶಿಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಾಲಿನಲ್ಲಿ ನಿಂತವರ ಮಾತು ಕೇಳಿ, ಅರ್ಧದಷ್ಟು ಮಳೆಯದೇ ಇರುತ್ತದೆ.

ಇವೆಲ್ಲ ಓದಿ ತಿಳಿದದ್ದು. 1972ರ ಬರ ಹಾಗಲ್ಲ, ಅದು ನಮ್ಮ ಮನೆಯಲ್ಲೇ ಇತ್ತು. ಅವ್ವನ ತವರು ಉದಗೀರ್ ಕಡೆ, ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ. ಆಗಿನ್ನೂ ಅವಳ ಮದುವೆಯಾಗಿರಲಿಲ್ಲ. ಮಹಾರಾಷ್ಟ್ರ ಸರ್ಕಾರ ರಸ್ತೆ, ಕೆರೆ, ಬದುವಿನ ಕೆಲಸ ತೆಗೆದಿತ್ತು. 1973ರ ಮೇ ತಿಂಗಳಲ್ಲಿ ರಾಜ್ಯದಲ್ಲಿ ಸುಮಾರು 50 ಲಕ್ಷ ಜನ ಇಂಥ ಕೆಲಸದ ಮೇಲಿದ್ದರು. ಔರಂಗಾಬಾದ್ ಜಿಲ್ಲೆ ತೀರಾ ಸೋತ ಜಿಲ್ಲೆಗಳಲ್ಲೊಂದು. ಅವ್ವ ಖಡಿ ಒಡೆಯುತ್ತಿದ್ದಳು. ಮಧ್ಯಾಹ್ನ ಸುಕಡಿ ಕೊಡುತ್ತಿದ್ದರಂತೆ, ಹುರಿದ ಹಿಟ್ಟು ಬೆಲ್ಲದ ಪುಡಿ. ರೇಷನ್ನಿನಲ್ಲಿ ಮಿಲೋ ಬರುತ್ತಿತ್ತು, ಅಮೆರಿಕದಿಂದ ಬಂದ ಕೆಂಪು ಜೋಳ. "ರೊಟ್ಟಿ ಬಡದ್ರ ಹರೀತಿತ್ತು ತಮ್ಮಾ. ನಮ್ಮ ಜ್ವಾಳ ಅಲ್ಲ ಅದು. ಆದ್ರ ಅದೇ ತಿಂದು ಉಳದೀವಿ" ಅನ್ನುತ್ತಿದ್ದಳು. ಕೊನೆಯವರೆಗೂ ಅವ್ವ ತಟ್ಟೆಯಲ್ಲಿ ರೊಟ್ಟಿಯ ಚೂರು ಬಿಟ್ಟದ್ದನ್ನು ನಾನು ನೋಡಿಲ್ಲ. ಆ ಕೆಲಸದ ಅನುಭವದಿಂದಲೇ ಮಹಾರಾಷ್ಟ್ರದಲ್ಲಿ ರೋಜಗಾರ್ ಹಮಿ ಕಾಯ್ದೆಯಾಯಿತು. ಮುಂದೆ ದೇಶಕ್ಕೆಲ್ಲ ಬಂದ ನರೇಗಾದ ಹಿರಿಯಣ್ಣ ಅದು. ವಾಳೂಜಿನ ಹಳಬರೂ ವಯಸ್ಸು ಹೇಳುವಾಗ "ಬಹಾತ್ತರದ ಬರದಲ್ಲಿ ನಾನು ಇಷ್ಟೆತ್ತರ" ಎಂದು ಕೈಯಲ್ಲಿ ತೋರಿಸುತ್ತಾರೆ. ನನ್ನ ಅವ್ವನೂ ಅಷ್ಟೇ, ಜನ್ಮದಿನಾಂಕ ಗೊತ್ತಿರಲಿಲ್ಲ, ಬರ ಗೊತ್ತಿತ್ತು.

ಭೂಕಂಪದ್ದು ಬೇರೆ ಲೆಕ್ಕ, ಅದಕ್ಕೆ ಗಂಟೆ ನಿಮಿಷವಿದೆ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣಪತಿ ಮುಳುಗಿಸಿ ಬಂದು ಜನ ಮಲಗಿದ ರಾತ್ರಿ. ಲಾತೂರಿನ ಕಿಲ್ಲಾರಿ ಕೇಂದ್ರ, ಸುಮಾರು ಹತ್ತು ಸಾವಿರ ಸಾವು. ಭಾಲ್ಕಿಯಲ್ಲಿ ನಾವು ಹೊರಗೆ ಓಡಿ ಬಂದು ಬೆಳಗಾಗುವವರೆಗೆ ಬೀದಿಯಲ್ಲೇ ಕುಳಿತಿದ್ದೆವು. ಕೊಂದದ್ದು ಭೂಮಿಗಿಂತ ಹೆಚ್ಚಾಗಿ ಮನೆಗಳು. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು ಎಂದು ಕಟ್ಟಿದ್ದು, ನಡುಗಿದಾಗ ಮೈಮೇಲೆ ಬಿತ್ತು. ನಮ್ಮ ಬೀದರಿನ ಹಳ್ಳಿಗಳಲ್ಲಿಯೂ ಅಂಥವೇ ಮನೆಗಳು. 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿದರು, ದಖ್ಖನ್ ಗಟ್ಟಿ ನೆಲ ಎಂದು ನಂಬಿದ್ದ ಭೂಕಂಪದ ನಕ್ಷೆಯನ್ನೂ ತಿದ್ದಿದರು. ಅದರ ಮರುವರ್ಷ ನಮ್ಮ ಓಣಿಯ ಐದಾರು ಹುಡುಗರು ವಾಳೂಜಿನ ಬಸ್ಸು ಹತ್ತಿದರು. ಎರಡು ವರ್ಷಕ್ಕೆ ನಾನು. ಸಿಮೆಂಟಿನ ಛತ್ತಿನ ಕೆಳಗೆ ಮಲಗಿದ ಮೊದಲ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಆಲಿಕಲ್ಲು, ಸಿಡಿಲು ಪ್ರತಿ ಬೇಸಿಗೆಯ ಕೊನೆಗೆ ಇದ್ದದ್ದೇ. ಸಿಡಿಲಿಗೆ ಹೊಲದಲ್ಲಿ ದುಡಿಯುವವರು ಸಾಯದ ವರ್ಷವೇ ಮರಾಠವಾಡಾದಲ್ಲಿಲ್ಲ. 2014ರ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಬಿದ್ದ ಆಲಿಕಲ್ಲು ಮಾತ್ರ ನೆನಪಿಟ್ಟುಕೊಳ್ಳುವಂಥದ್ದು. ಹಿಂದಿನ ವರ್ಷದ ಬರದಲ್ಲಿ ಹೇಗೋ ಉಳಿದ ಮೋಸಂಬಿ, ಕೊಯ್ಲಿಗೆ ಬಂದ ಗೋಧಿ ಎಲ್ಲ ನೆಲಕ್ಕಾಯಿತು. ನಮ್ಮ ಶೆಡ್ಡಿನ ಶೀಟುಗಳ ಮೇಲೆ ಬಿದ್ದ ಸದ್ದಿಗೆ ಪ್ರೆಸ್ ಮಶೀನಿನ ಸದ್ದೇ ಕೇಳಿಸದಂತಾಗಿತ್ತು.

ನಾನು ಇಲ್ಲಿ ನೋಡಿದ ದೊಡ್ಡ ಬರ ಎಂದರೆ 2012-13 ಮತ್ತು 2015-16. ಜಾಯಕವಾಡಿ ಸೊನ್ನೆಗಿಂತ ಕೆಳಗೆ ಇಳಿಯಿತು. ತಳದ ನೀರನ್ನೂ ಪಂಪು ಹಚ್ಚಿ ಎತ್ತಬೇಕಾಯಿತು. ನಾವಿದ್ದ ಗಲ್ಲಿಗೆ ಟ್ಯಾಂಕರ್ ಬರುವ ಹೊತ್ತು ಗೊತ್ತಿರುತ್ತಿರಲಿಲ್ಲ. ನಾನು ಫಸ್ಟ್ ಶಿಫ್ಟ್, ಹೆಂಡತಿ ಕೊಡಗಳ ಸಾಲು, ಮಗ ಶಾಲೆ ಬಿಟ್ಟು ಸಾಲು ಕಾಯುವುದು. 2016ರ ಏಪ್ರಿಲ್‌ನಲ್ಲಿ ಮುಂಬೈ ಹೈಕೋರ್ಟಿನ ಔರಂಗಾಬಾದ್ ಪೀಠ ಬಿಯರ್, ಮದ್ಯದ ಕಾರ್ಖಾನೆಗಳ ನೀರನ್ನು ಮೊದಲು ಅರ್ಧಕ್ಕೆ, ಆಮೇಲೆ ಇನ್ನೂ ಕಡಿಮೆಗೆ ಇಳಿಸಿತು. ಉಳಿದ ಉದ್ಯಮಗಳಿಗೂ ಕಡಿತವಾಯಿತು. ಅದೇ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು. ಐಪಿಎಲ್ ಪಂದ್ಯಗಳನ್ನು ರಾಜ್ಯದ ಹೊರಗೆ ಕಳಿಸಿದ್ದು ಆ ವರ್ಷವೇ. ಮೆಟ್ರೋ ಊರುಗಳಲ್ಲಿದ್ದ ಅನೇಕರಿಗೆ ಮರಾಠವಾಡಾದ ಬರ ನೆನಪಿರುವುದು ಬಹುಶಃ ಆ ಕ್ರಿಕೆಟಿನಿಂದ.

2019 ನನಗೆ ಪೂರ್ತಿ ಪಾಠ ಕಲಿಸಿದ ವರ್ಷ. ಜುಲೈ ಮುಗಿಯುತ್ತ ಬಂದರೂ ಇಲ್ಲಿ ಮಳೆಯಿಲ್ಲ, ದನಗಳ ಮೇವಿನ ಛಾವಣಿಗಳು ಇನ್ನೂ ನಡೆಯುತ್ತಿದ್ದವು. ಸರ್ಕಾರ ಔರಂಗಾಬಾದಿನಲ್ಲಿ ರಾಡಾರ್ ಕೂಡಿಸಿ, ಮೋಡ ಬಿತ್ತನೆಗೆ ವಿಮಾನ ತರಿಸಿತು. ಆಗಸ್ಟ್ ಮೊದಲ ವಾರ ನಾಶಿಕದಲ್ಲಿ ಗೋದಾವರಿ ಉಕ್ಕಿತು. ನಾಶಿಕದ ಘಾಟಿನಲ್ಲಿ ದುತೋಂಡ್ಯಾ ಮಾರುತಿ ಎಂದು ಎರಡು ಮುಖದ ಹನುಮಪ್ಪನ ಮೂರ್ತಿಯಿದೆ. ಅಲ್ಲಿಯವರಿಗೆ ಅದೇ ನೆರೆಯ ಅಳತೆಗೋಲು. ನೀರು ಮೊಣಕಾಲಿಗೆ ಬಂತು, ಎದೆಗೆ ಬಂತು, ಕುತ್ತಿಗೆಗೆ ಬಂತು ಎಂದೇ ಮಾತಾಡುತ್ತಾರೆ. ಆ ದಿನಗಳಲ್ಲಿ ಟಿವಿಯಲ್ಲಿ ಮಾರುತಿ ಮುಳುಗುತ್ತಿದ್ದ, ಅಂಗಡಿಗಳು ಮುಳುಗುತ್ತಿದ್ದವು. ನಮ್ಮ ಕ್ಯಾಂಟೀನಿನಲ್ಲಿ ಜನ ಖುಷಿಯಾಗಿದ್ದರು. ಒಬ್ಬ ಪೇಢೆ ತಂದ. ನಾನೂ ತಿಂದೆ. ತಿನ್ನುತ್ತಿದ್ದಾಗಲೇ ಬೆಳಗಾವಿಯಿಂದ ಗೆಳೆಯನ ಫೋನು, ಅವರ ಮನೆಯೊಳಗೆ ನೀರು ಬಂದಿತ್ತು. ಅದೇ ವಾರ ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ ಎಲ್ಲ ನೆರೆಯಲ್ಲಿದ್ದವು. ಬಾಯಲ್ಲಿದ್ದ ಪೇಢೆಯನ್ನು ನುಂಗಲೋ ಉಗುಳಲೋ ತಿಳಿಯಲಿಲ್ಲ. ಇಲ್ಲಿ ಮಳೆಯೇ ಬೀಳದೆ ಜಾಯಕವಾಡಿ ಎರಡೇ ವಾರದಲ್ಲಿ ತಳದಿಂದ ತುಂಬುವ ಹಂತಕ್ಕೆ ಬಂತು. ಮೋಡ ಬಿತ್ತನೆಯ ವಿಮಾನ ಆಮೇಲೆ ಹಾರಿತು.

ನಾಶಿಕದಲ್ಲಿ ನೀರು ಕಡಿಮೆಯಿದ್ದ ವರ್ಷ ಈ ಸಂಬಂಧ ಜಗಳವಾಗುತ್ತದೆ. 2005ರ ಕಾಯ್ದೆ, ಅದರ ಮೇಲೆ 2014ರ ಜಲ ಪ್ರಾಧಿಕಾರದ ಆದೇಶದ ಪ್ರಕಾರ ಅಕ್ಟೋಬರ್ 15ಕ್ಕೆ ಜಾಯಕವಾಡಿ 65 ಟಕ್ಕೆ ತುಂಬಿರದಿದ್ದರೆ ಮೇಲಿನ ಅಣೆಕಟ್ಟುಗಳು ನೀರು ಬಿಡಬೇಕು. 2023ರಲ್ಲಿ ಹಾಗೆ 8.6 ಟಿಎಂಸಿ ಬಿಡಲು ಆದೇಶವಾದಾಗ ನಾಶಿಕ, ನಗರ ಜಿಲ್ಲೆಗಳಲ್ಲಿ ಭಾರೀ ವಿರೋಧ, ಇಲ್ಲಿ ರಸ್ತೆ ತಡೆ. ಅದೇ ಹಂಗಾಮಿನಲ್ಲಿ ಕಾವೇರಿಗಾಗಿ ಕರ್ನಾಟಕ ಬಂದ್ ಆಗಿತ್ತು. ಬೆಂಗಳೂರಿನ ತಂಗಿಯ ಗಂಡ "ನಮ್ಮ ನೀರು ನಾವ್ಯಾಕೆ ಬಿಡಬೇಕು ಭಾವ?" ಅಂದ. ನಾನು "ಬಿಡಬೇಕಪ್ಪಾ" ಅಂದುಬಿಟ್ಟೆ, ನಾಶಿಕದವರಿಗೆ ಹೇಳುವ ಮಾತು ಬಾಯಿ ತಪ್ಪಿ ಬಂದಿತ್ತು. ಕಾವೇರಿಯಲ್ಲಿ ಮೇಲಿನವನು, ಗೋದಾವರಿಯಲ್ಲಿ ಕೆಳಗಿನವನು. ಒಂದೇ ತಲೆಯಲ್ಲಿ ಎರಡೂ ಇರುವುದು ಕಷ್ಟ.

ಈಗ ಪ್ಲಾಟಿನ ವಿಷಯ. ಮಗ ನೋಡಿ ಬಂದದ್ದು ರಾಂಜಣಗಾಂವ್ ಆಚೆ, ಗುಂಠೆವಾರಿ ಲೇಔಟು. ಬೆಲೆ ನಮ್ಮ ಕೈಗೆ ಎಟುಕುವಂಥದು. ಮೇ ತಿಂಗಳಲ್ಲಿ ಹೋಗಿ ನೋಡಿದೆ. ಒಂದು ಬದಿಗೆ ತಗ್ಗಾದ ಅಗಲ ದಾರಿಯಂಥದ್ದು, ಜಾಲಿ ಬೆಳೆದಿತ್ತು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. "ಮುಂದೆ ನಲವತ್ತು ಅಡಿ ರಸ್ತೆ ಇದೇ ಆಗುತ್ತೆ" ಅಂದ ಏಜೆಂಟ್. ಟೋಕನ್ ಎಂದು 51,000 ರೂಪಾಯಿ ಕೊಟ್ಟೆವು. ನನಗೇಕೋ ಸಮಾಧಾನವಿರಲಿಲ್ಲ. ಆಚೆಯ ಹೊಲದಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ಹಳೆಯ ವಾಳೂಜಿನ ಮುದುಕರೊಬ್ಬರು, ಎಂಬತ್ತು ದಾಟಿದವರು, ನಮ್ಮನ್ನು ನೋಡುತ್ತ ಕುಳಿತಿದ್ದರು. "ಬಾಬಾ, ಇದೇನು ರಸ್ತೆಯೇ?" ಎಂದು ಕೇಳಿದೆ. ಅವರು ನಕ್ಕರು. ಇದು ಓಢಾ, ಎಂದರೆ ಹಳ್ಳ. ಸಣ್ಣವನಿದ್ದಾಗ ಇಲ್ಲೇ ನನ್ನ ಅಪ್ಪನ ಜೋಡಿ ಎತ್ತು ಕೊಚ್ಚಿಹೋದವು. ಕಾರ್ಖಾನೆ ಬಂದ ಮೇಲೆ ಮೇಲುಗಡೆ ಮುಚ್ಚಿದ್ದಾರೆ, ಅದಕ್ಕೇ ನಿಮಗೆ ತಿಳಿಯುವುದಿಲ್ಲ ಅಂದರು. ಮಗನಿಗೆ ಹೇಳಿದರೆ ಅವನು ಫೋನಿನಲ್ಲಿ ಹತ್ತು ವರ್ಷದ ಉಪಗ್ರಹ ಚಿತ್ರ ತೋರಿಸಿದ. ಯಾವುದರಲ್ಲೂ ನೀರಿರಲಿಲ್ಲ. ಚಿತ್ರಗಳು ಸುಳ್ಳಲ್ಲ, ಹೆಚ್ಚಿನವು ಬೇಸಿಗೆಯವು, ಕೆಲವು ಬರದ ವರ್ಷದವು. ನಮ್ಮಿಬ್ಬರಿಗೆ ಮೂರು ತಿಂಗಳು ಸರಿಯಾಗಿ ಮಾತಿರಲಿಲ್ಲ. ಬಾಕಿ ಹಣ ದಸರೆಗೆ ಕೊಡುವುದೆಂದಾಗಿತ್ತು.

2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮಳೆ ನಾಶಿಕಕ್ಕೆ ಕಾಯಲಿಲ್ಲ, ನಮ್ಮ ಮೇಲೆಯೇ ಬಿತ್ತು. ಬೀಡ್, ಧಾರಾಶಿವ್, ಲಾತೂರ್, ಸೋಲಾಪುರ ಎಲ್ಲ ನೀರಿನಲ್ಲಿ. ಸೀನಾ ಉಕ್ಕಿ ಭೀಮೆಗೆ ಬಂದು ಕಲಬುರಗಿಯ ಹಳ್ಳಿಗಳು ಮುಳುಗಿದವು. ಸೋಯಾಬೀನ್ ಹೊಲಗಳ ಮೇಲ್ಮಣ್ಣೇ ಕೊಚ್ಚಿಹೋಯಿತು. ಜಾಯಕವಾಡಿಯ 27 ಬಾಗಿಲು ತೆರೆದು 3 ಲಕ್ಷ ಕ್ಯೂಸೆಕ್ ಆಸುಪಾಸು ಬಿಟ್ಟರು. 2006ರ ಆಗಸ್ಟ್‌ನಲ್ಲಿ ಎರಡೂವರೆ ಲಕ್ಷಕ್ಕೇ ಪೈಠಣ ಊರೊಳಗೆ ನೀರು ನುಗ್ಗಿತ್ತು. ಈ ಸಲ ಜನರನ್ನು ಮೊದಲೇ ಎಬ್ಬಿಸಿ ಕಳಿಸಿದರು. ಜಾಯಕವಾಡಿ ಬತ್ತಿತೆಂದು ಮೂವತ್ತು ವರ್ಷ ಕೊರಗಿದ ನಾವು ಅದು ತುಂಬಿತೆಂದು ಹೆದರಿ ರಾತ್ರಿಯೆಲ್ಲ ಫೋನ್ ನೋಡುತ್ತಿದ್ದೆವು.

ಭಾನುವಾರ ಬೆಳಿಗ್ಗೆ ಮಗ ತಾನಾಗಿಯೇ "ಅಪ್ಪಾ, ನಡೀರಿ" ಎಂದು ಗಾಡಿ ತೆಗೆದ. ಲೇಔಟಿನ ಹತ್ತಿರ ಗಾಡಿ ಹೋಗಲಿಲ್ಲ, ದೂರದಿಂದಲೇ ನಿಂತು ನೋಡಿದೆವು. ನಲವತ್ತು ಅಡಿ ರಸ್ತೆ ಎಂದಿದ್ದಲ್ಲಿ ಕೆಂಪು ನೀರು ಬದಿಯಿಂದ ಬದಿಗೆ ಓಡುತ್ತಿತ್ತು. ನಮ್ಮ ಪ್ಲಾಟಿನ ಸುಣ್ಣ ಬಳಿದ ಕಲ್ಲುಗಳಲ್ಲಿ ಒಂದು ಮಾತ್ರ ಕಾಣುತ್ತಿತ್ತು. ಅದರಾಚೆ ಎರಡು ಮನೆಗಳಲ್ಲಿ ಜನ ಆಗಲೇ ವಾಸವಿದ್ದರು, ಒಬ್ಬಾಕೆ ಮೇಲಿನ ಛತ್ತಿನಲ್ಲಿ ಸ್ಟೋವ್ ಇಟ್ಟುಕೊಂಡು ಏನೋ ಮಾಡುತ್ತಿದ್ದಳು. ಕೂಗಿ ಕೇಳಿದೆ, ಎಲ್ಲಿಯವರು ಎಂದು. ಹುಮನಾಬಾದ್ ಎಂದಳು, ಕನ್ನಡದಲ್ಲೇ. ಮೂರು ವರ್ಷದ ಹಿಂದೆ ಕಟ್ಟಿದರಂತೆ. ಹಳ್ಳ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಏಜೆಂಟ್ ದೀಪಾವಳಿಯ ನಂತರ 20,000 ವಾಪಸು ಕೊಟ್ಟ. ಹಿಂದಿನ ಸಾಲಿನಲ್ಲಿ ಎತ್ತರದ ಪ್ಲಾಟುಗಳಿವೆ, ಬೇಕಾದರೆ ನೋಡಿ ಅಂದ. ಮಗ ಈಗ ಆ ಮುದುಕರ ಬಳಿ ಹೋಗಿ ಕುಳಿತುಕೊಳ್ಳುತ್ತಾನೆ. ಅವರು ಹೇಳಿದ ಹಳ್ಳ, ಬಾವಿ, ಕಟ್ಟೆಗಳನ್ನೆಲ್ಲ ಫೋನಿನ ನಕ್ಷೆಯಲ್ಲಿ ಗುರುತು ಹಾಕುತ್ತಿದ್ದಾನೆ. ಹೋದ ವಾರ ಹನ್ನೊಂದಾಗಿದ್ದವು. ಹುಮನಾಬಾದಿನ ಆ ಮನೆಯವರಿಗೂ ಕಳಿಸಿದ್ದಾನೆ.